ಟಂಕಸಾಲೆಯ ತಪ್ಪೋ, ಬಳಕೆಯ ಪೆಟ್ಟೋ: ನಾಣ್ಯದ ದೋಷವನ್ನು ಗುರುತಿಸುವ ಕ್ರಮ

ದಾವಣಗೆರೆಯ ಹೋಟೆಲುಗಳ ಗಲ್ಲಾಪೆಟ್ಟಿಗೆಯಲ್ಲಿ, ಮಂಡಿಪೇಟೆಯ ಕಿರಾಣಿ ಅಂಗಡಿಗಳಲ್ಲಿ, ಬಸ್ ಕಂಡಕ್ಟರರ ಚೀಲದಲ್ಲಿ ದಿನವೂ ಕೈಬದಲಾಗುವ ಚಿಲ್ಲರೆಯ ನಡುವೆ ಒಂದಲ್ಲ ಒಂದು ವಿಚಿತ್ರ ನಾಣ್ಯ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಅಂಚು ಕಚ್ಚಿಹೋದ ಒಂದು ರೂಪಾಯಿ, ಸಿಂಹಗಳ ಮೇಲೆ ಅಡ್ಡಗೆರೆ ಹಾಯ್ದ ಎರಡು ರೂಪಾಯಿ, ನಡುಬಿಲ್ಲೆ ಕಳಚಿದ ಹತ್ತು ರೂಪಾಯಿ ಸಿಕ್ಕವರು ಅದನ್ನು ಖರ್ಚು ಮಾಡದೆ ತೆಗೆದಿಟ್ಟು, ಟಂಕಸಾಲೆಯಲ್ಲಿಯೇ ತಪ್ಪಾಗಿ ಅಚ್ಚಾದ ‘ಎರರ್ ಕಾಯಿನ್’ ಇದಿರಬಹುದೇ ಎಂದು ವಿಚಾರಿಸುತ್ತಾರೆ. ಹೀಗೆ ತೆಗೆದಿಟ್ಟವುಗಳಲ್ಲಿ ಬಹುಪಾಲು ನಾಣ್ಯಗಳು ಟಂಕಸಾಲೆಯಿಂದ ಸರಿಯಾಗಿಯೇ ಹೊರಬಂದು, ಆಮೇಲೆ ಪೆಟ್ಟು ತಿಂದವು. ಸಂಗ್ರಾಹಕರ ದೃಷ್ಟಿಯಲ್ಲಿ ಟಂಕಸಾಲೆಯಲ್ಲಿಯೇ ತಪ್ಪಾದುದಕ್ಕೆ ಬೆಲೆಯುಂಟು, ಆಮೇಲೆ ಪೆಟ್ಟು ತಿಂದದ್ದು ಹಾಳಾದ ನಾಣ್ಯವಷ್ಟೆ.

ಇವೆರಡನ್ನೂ ಬೇರ್ಪಡಿಸಲು ಬೇಕಾದುದು ಒಂದೇ ಪ್ರಶ್ನೆಯನ್ನು ಬಿಡದೆ ಕೇಳುವ ಅಭ್ಯಾಸ: ಈ ಗುರುತು ಟಂಕಸಾಲೆಯ ಯಾವ ಹಂತದಲ್ಲಿ ಆಗಿರಲು ಸಾಧ್ಯ? ಆ ಹಂತವನ್ನು ಬೆರಳಿಟ್ಟು ತೋರಿಸಲು ಬಂದರೆ ದೋಷದ ಮಾತನ್ನು ಮುಂದುವರಿಸಬಹುದು. ತೋರಿಸಲು ಬಾರದಿದ್ದರೆ, ನಾಣ್ಯ ಎಷ್ಟೇ ವಿಚಿತ್ರವಾಗಿ ಕಂಡರೂ ಅದನ್ನು ಹಾನಿ ಎಂದೇ ಬಗೆಯಬೇಕು. ಆದುದರಿಂದ ನಾಣ್ಯ ತಯಾರಾಗುವ ಬಗೆಯನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ನಾಣ್ಯ ತಯಾರಾಗುವ ಬಗೆ

ಮೊದಲು ಲೋಹದ ಉದ್ದನೆಯ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಆ ಬಿಲ್ಲೆಗಳನ್ನು ಕಾಯಿಸಿ ಮೆದುಗೊಳಿಸಿ, ಸುತ್ತಲೂ ಒತ್ತಿ, ಅಂಚು ಸ್ವಲ್ಪ ಉಬ್ಬಿ ನಿಲ್ಲುವಂತೆ ಮಾಡುತ್ತಾರೆ. ಈ ಉಬ್ಬಿದ ಭಾಗವನ್ನು ಇಲ್ಲಿ ಅಂಚುಕಟ್ಟು ಎಂದು ಕರೆಯೋಣ. ಕೊನೆಯಲ್ಲಿ ಬಿಲ್ಲೆಯನ್ನು ಕಾಲರ್ ಎಂಬ ಗಟ್ಟಿ ಉಂಗುರದೊಳಗೆ ಕೂರಿಸಿ, ಮೇಲಿನ ಮತ್ತು ಕೆಳಗಿನ ಅಚ್ಚುಗಳ ನಡುವೆ ಒಂದೇ ಪೆಟ್ಟಿಗೆ ಒತ್ತುತ್ತಾರೆ. ಎರಡು ಮುಖಗಳ ಚಿತ್ರವೂ ಬದಿಯ ಗೀರುಗಳೂ ಆ ಒಂದೇ ಒತ್ತಡದಲ್ಲಿ ಮೂಡುತ್ತವೆ. ಹೀಗಾಗಿ ಟಂಕಸಾಲೆಯ ತಪ್ಪು ಎಂಬುದು ಬಿಲ್ಲೆಯಲ್ಲಿ, ಅಚ್ಚಿನಲ್ಲಿ ಇಲ್ಲವೆ ಒತ್ತುವ ಕ್ಷಣದಲ್ಲಿ, ಈ ಮೂರರಲ್ಲಿ ಒಂದು ಕಡೆ ಹುಟ್ಟಿರಬೇಕು. ನಾಲ್ಕನೆಯ ಜಾಗವಿಲ್ಲ.

ನಮ್ಮ ಚಲಾವಣೆಯ ನಾಣ್ಯಗಳು ಮುಂಬಯಿ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾ ಟಂಕಸಾಲೆಗಳಲ್ಲಿ ತಯಾರಾಗುತ್ತವೆ. ಸಾಮಾನ್ಯವಾಗಿ ಇಸವಿಯ ಕೆಳಗೆ ವಜ್ರದಾಕಾರದ ಗುರುತಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಆದ್ದರಿಂದ ಗುರುತು ‘ಬಿಟ್ಟುಹೋಗಿದೆ’ ಎಂಬ ಕಾರಣಕ್ಕೆ ನಾಣ್ಯವನ್ನು ತೆಗೆದಿಡುವುದರಲ್ಲಿ ಅರ್ಥವಿಲ್ಲ. ವಿನ್ಯಾಸ ಬೇರೆಯಾಗಿದೆ ಎಂಬುದೂ ಕಾರಣವಾಗದು. ನಮ್ಮ ಕಡೆಯ ಅಂಗಡಿಗಳಲ್ಲಿ ಹತ್ತು ರೂಪಾಯಿ ನಾಣ್ಯವನ್ನು ನಕಲಿ ಎಂದು ಬೇಡವೆನ್ನುತ್ತಿದ್ದ ಕಾಲದಲ್ಲಿ, ಆವರೆಗೆ ಬಂದ 14 ವಿನ್ಯಾಸಗಳೂ ಅಧಿಕೃತವೇ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಬೇಕಾಯಿತು. ಒಂದರಲ್ಲಿ ರೂಪಾಯಿ ಚಿಹ್ನೆ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದಕ್ಕೆ ಕಾರಣ ಇಷ್ಟೆ: ಆ ಚಿಹ್ನೆ ನಾಣ್ಯಗಳ ಮೇಲೆ ಬಂದದ್ದು 2011ರಿಂದ ಈಚೆಗೆ.

ಪರೀಕ್ಷೆಗೆ ಮುನ್ನ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಗ್ರಾಮಿನ ನೂರನೆಯ ಭಾಗದವರೆಗೆ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, ಅಳೆಯಲು ಕ್ಯಾಲಿಪರ್, ಒಂದು ಅಯಸ್ಕಾಂತ ಇವಿಷ್ಟಿದ್ದರೆ ಸಾಕು. ತಕ್ಕಡಿ ಇಲ್ಲದವರು ಪರಿಚಯದ ಅಕ್ಕಸಾಲಿಗರಲ್ಲಿ ತೂಗಿಸಿಕೊಳ್ಳಬಹುದು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ಭೂತಗನ್ನಡಿಯ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಬೆಳಕು ನೆತ್ತಿಯ ಮೇಲಿಂದ ಬೀಳದೆ ಓರೆಯಾಗಿ ಪಕ್ಕದಿಂದ ಬೀಳುವಂತೆ ದೀಪವನ್ನು ಇಟ್ಟುಕೊಳ್ಳಬೇಕು. ಉಬ್ಬು ಯಾವುದು, ತಗ್ಗು ಯಾವುದು ಎಂಬುದು ಓರೆಬೆಳಕಿನಲ್ಲಿ ಮಾತ್ರ ಸರಿಯಾಗಿ ತಿಳಿಯುತ್ತದೆ. ಮೊಬೈಲಿನಲ್ಲಿ ತೆಗೆದ ಒಂದೇ ಚಿತ್ರವನ್ನು ನೋಡಿ ತೀರ್ಮಾನಿಸುವುದು ಅಪಾಯ, ಏಕೆಂದರೆ ಚಿತ್ರದಲ್ಲಿ ತಗ್ಗು ಉಬ್ಬಿನಂತೆ ಕಾಣುವುದುಂಟು.

ನಾಣ್ಯವನ್ನು ತೊಳೆಯಬಾರದು, ಉಜ್ಜಬಾರದು. ಹುಣಸೆಹುಳಿ ಹಚ್ಚಿ ಫಳಫಳ ಮಾಡಿದರೆ ಮೇಲ್ಮೈಯ ಮೂಲ ಸ್ವರೂಪ ಅಳಿಸಿಹೋಗುತ್ತದೆ. ಗುರುತು ಹಳೆಯದೋ ಹೊಸದೋ, ಒತ್ತುವಾಗ ಆದದ್ದೋ ಆಮೇಲೆ ಆದದ್ದೋ ಎಂಬುದಕ್ಕೆ ಸಾಕ್ಷಿ ಹೇಳುವುದೇ ಆ ಮೇಲ್ಮೈ.

ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಮೌಲ್ಯದ, ಅದೇ ವಿನ್ಯಾಸದ, ಸಾಧ್ಯವಾದರೆ ಅದೇ ಇಸವಿಯ ಮತ್ತು ಅದೇ ಟಂಕಸಾಲೆಯ ಒಂದು ಸರಿಯಾದ ನಾಣ್ಯವನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಸರಿ ಯಾವುದೆಂದು ಗೊತ್ತಿಲ್ಲದೆ ತಪ್ಪನ್ನು ಹುಡುಕಲಾಗದು.

ತೂಕ, ಅಳತೆ, ಅಯಸ್ಕಾಂತ

ತೂಗುವಾಗ ಒಂದು ತೊಡಕು ಎದುರಾಗುತ್ತದೆ. ಭಾರತದ ಒಂದೇ ಮೌಲ್ಯದ ನಾಣ್ಯ ಕಾಲಕಾಲಕ್ಕೆ ಗಾತ್ರವನ್ನೂ ಲೋಹವನ್ನೂ ಬದಲಿಸಿದೆ. 1992ರಿಂದ ಬಂದ ಸ್ಟೇನ್‌ಲೆಸ್ ಸ್ಟೀಲಿನ ಒಂದು ರೂಪಾಯಿ 25 ಮಿ.ಮೀ. ಅಗಲ, 4.85 ಗ್ರಾಂ ತೂಕ. 2011ರ ವಿನ್ಯಾಸದ ಒಂದು ರೂಪಾಯಿ ಸುಮಾರು 22 ಮಿ.ಮೀ., 3.79 ಗ್ರಾಂ, 2019ರ ಸರಣಿಯದು 20 ಮಿ.ಮೀ., 3.09 ಗ್ರಾಂ. 2011ರ ಎರಡು ರೂಪಾಯಿಯ ಅಳತೆಯೂ ತೂಕವೂ 1992ರ ಒಂದು ರೂಪಾಯಿಯವೇ, ಅಂದರೆ 25 ಮಿ.ಮೀ. ಮತ್ತು 4.85 ಗ್ರಾಂ. ಹಳೆಯ ಸ್ಟೀಲಿನ ಐವತ್ತು ಪೈಸೆ 22 ಮಿ.ಮೀ., 3.79 ಗ್ರಾಂ ಇದ್ದು, 2011ರ ಒಂದು ರೂಪಾಯಿಗೆ ಸಮನಾಗಿದೆ. ಐದು ರೂಪಾಯಿಯಲ್ಲಂತೂ ಹಳೆಯ ದಪ್ಪ ತಾಮ್ರ-ನಿಕಲ್ ನಾಣ್ಯ 9 ಗ್ರಾಂ ತೂಗಿದರೆ 2011ರ ಹಳದಿ ಬಣ್ಣದ ನಾಣ್ಯ 6 ಗ್ರಾಂ ತೂಗುತ್ತದೆ, ಅಗಲ ಮಾತ್ರ ಎರಡರದ್ದೂ 23 ಮಿ.ಮೀ. ಬೇರೆ ನಾಣ್ಯದ ಬಿಲ್ಲೆಯ ಮೇಲೆ ಅಚ್ಚಾಗಿದೆ ಎಂಬ ಹಲವು ಘೋಷಣೆಗಳು ಈ ಇತಿಹಾಸ ತಿಳಿಯದ್ದರಿಂದ ಹುಟ್ಟಿದವು. ನಿಜವಾಗಿ ಬೇರೆ ಬಿಲ್ಲೆಯ ಮೇಲೆ ಅಚ್ಚಾದ ನಾಣ್ಯದ ತೂಕ ತನ್ನ ವಿನ್ಯಾಸಕ್ಕೆ ಹೊಂದದೆ, ಅದೇ ಕಾಲದಲ್ಲಿ ಅಚ್ಚಾಗುತ್ತಿದ್ದ ಇನ್ನೊಂದು ನಾಣ್ಯದ ತೂಕಕ್ಕೆ ಹೊಂದುತ್ತದೆ. ಬಿಲ್ಲೆ ಚಿಕ್ಕದಾಗಿದ್ದರೆ ಚಿತ್ರದ ಹೊರ ಅಕ್ಷರಗಳು ಅದರ ಮೇಲೆ ಹಿಡಿಸದೆ ಅಂಚಿನಲ್ಲಿ ತುಂಡಾಗಿರುತ್ತವೆ.

ತೂಕ ಕಡಿಮೆ ಬಂದ ಮಾತ್ರಕ್ಕೆ ಟಂಕಸಾಲೆಯ ತಪ್ಪೆಂದು ಹೇಳುವಂತಿಲ್ಲ. ಆಮ್ಲದಲ್ಲಿ ಅದ್ದಿದ ನಾಣ್ಯವೂ ತೂಕ ಕಳೆದುಕೊಂಡು ತೆಳ್ಳಗಾಗುತ್ತದೆ. ಆದರೆ ಅದರ ಅಕ್ಷರ, ಅಂಚುಕಟ್ಟು, ಬದಿ ಎಲ್ಲವೂ ಸಮನಾಗಿ ಕರಗಿ ಮೊಂಡಾಗಿರುತ್ತವೆ, ಮೇಲ್ಮೈ ಸಣ್ಣ ಸಣ್ಣ ಕುಳಿಗಳಿಂದ ಒರಟಾಗಿರುತ್ತದೆ. ಹರಿಹರದ ಸೇತುವೆಯ ಮೇಲಿಂದ ತುಂಗಭದ್ರೆಗೆ ಎಸೆದು, ಬೇಸಿಗೆಯಲ್ಲಿ ಮರಳಿನಿಂದ ಹೆಕ್ಕಿದ ನಾಣ್ಯಗಳ ಸವೆತವೂ ಹೀಗೆಯೇ ಇರುತ್ತದೆ.

ಅಯಸ್ಕಾಂತ ಬಣ್ಣದ ಗೊಂದಲವನ್ನು ಬಗೆಹರಿಸುತ್ತದೆ. ಚಿನ್ನದ ಅಥವಾ ತಾಮ್ರದ ಬಣ್ಣ ತಳೆದ ಒಂದು ರೂಪಾಯಿ ಅಯಸ್ಕಾಂತಕ್ಕೆ ಸರಿಯಾಗಿ ಅಂಟಿದರೆ ಒಳಗಿರುವುದು ಸ್ಟೀಲೇ. ಮೇಲಿನದು ಲೇಪ, ಇಲ್ಲವೆ ಬೆಂಕಿಗೆ ಬಿದ್ದು ಬಂದ ಬಣ್ಣ. ಲಕ್ಷ್ಮೀಪೂಜೆಗೆಂದು ಚಿನ್ನದ ನೀರು ಹಾಕಿಸಿದ ನಾಣ್ಯಗಳು ಕಾಲಾನಂತರ ಚಿಲ್ಲರೆಯಲ್ಲಿ ಬಂದು ಸೇರುತ್ತವೆ. ಅರಿಸಿನ ಕುಂಕುಮದ ನಡುವೆ ವರ್ಷಗಟ್ಟಲೆ ಕೂತ ನಾಣ್ಯದ ಕಲೆಯೂ ದೋಷವಲ್ಲ.

ಗುರುತು ಉಬ್ಬಿದೆಯೋ, ತಗ್ಗಿದೆಯೋ

ನಾಣ್ಯದ ಮೇಲಿನ ಗೆರೆಯೊಂದನ್ನು ನೋಡುವಾಗ ಮೊದಲು ಗಮನಿಸಬೇಕಾದುದು ಇದನ್ನೇ. ಅಚ್ಚು ಬಿರುಕು ಬಿಟ್ಟಿದ್ದರೆ ಒತ್ತಡಕ್ಕೆ ಸಿಕ್ಕ ಲೋಹ ಆ ಬಿರುಕಿನೊಳಗೆ ಹೊಕ್ಕು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ನಿಲ್ಲುತ್ತದೆ. ಆ ಗೆರೆ ನೆಟ್ಟಗಿರದೆ ಅಂಕುಡೊಂಕಾಗಿ, ಸಾಮಾನ್ಯವಾಗಿ ಅಂಚಿನಿಂದ ಹೊರಟು, ಅಕ್ಷರಗಳನ್ನು ದಾಟಿಕೊಂಡು ಹೋಗುತ್ತದೆ. ಅಚ್ಚಿನ ಅಂಚೇ ಚೂರಾಗಿ ಬಿದ್ದಿದ್ದರೆ ನಾಣ್ಯದ ಆ ಭಾಗದಲ್ಲಿ ಚಿತ್ರವಿಲ್ಲದ ಉಬ್ಬುಗಂಟೊಂದು ಅಂಚುಕಟ್ಟಿಗೆ ಕೂಡಿಕೊಂಡಿರುತ್ತದೆ. ಟಂಕಸಾಲೆಯಿಂದ ಹೊರಬಿದ್ದ ಮೇಲೆ ನಾಣ್ಯಕ್ಕೆ ಲೋಹ ತಾನಾಗಿ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಉಬ್ಬಿದ ಗುರುತು ಕಂಡಾಗ, ಬೆಸುಗೆಯ ಹನಿಯೋ ಅಂಟಿದ ಕೊಳೆಯೋ ಅಲ್ಲವೆಂದು ಖಚಿತವಾದರೆ, ಅದು ಅಚ್ಚಿನದೇ.

ತಗ್ಗಿದ ಗೆರೆ ಹೆಚ್ಚಾಗಿ ಗೀರು. ಮೊಳೆಯೋ ಕಲ್ಲೋ ನಾಣ್ಯವನ್ನು ಗೀರಿದಾಗ ಲೋಹ ಮಾಯವಾಗುವುದಿಲ್ಲ, ಪಕ್ಕಕ್ಕೆ ಸರಿದು ಗೀರಿನ ಎರಡೂ ಬದಿಗಳಲ್ಲಿ ಸಣ್ಣ ಬದುವಾಗಿ ನಿಲ್ಲುತ್ತದೆ. ಭೂತಗನ್ನಡಿಯಲ್ಲಿ ಈ ಬದು ಕಂಡರೆ ಸಂದೇಹ ಉಳಿಯುವುದಿಲ್ಲ. ತಗ್ಗಿನ ತಳ ಸುತ್ತಲಿನ ಮೇಲ್ಮೈಗಿಂತ ಹೊಳಪಾಗಿದ್ದರೂ ಅದು ಇತ್ತೀಚಿನ ಪೆಟ್ಟು.

ಇದಕ್ಕೆ ಅಪವಾದವೊಂದುಂಟು. ಒತ್ತುವ ಹೊತ್ತಿಗೆ ಬಿಲ್ಲೆಯ ಮೇಲೆ ದಾರವೋ ಲೋಹದ ಸಿಬಿರೋ ಬಟ್ಟೆಯ ಚೂರೋ ಬಿದ್ದಿದ್ದರೆ ಅದರ ಗುರುತು ನಾಣ್ಯದಲ್ಲಿ ತಗ್ಗಾಗಿಯೇ ಮೂಡುತ್ತದೆ. ಆದರೆ ಆ ತಗ್ಗಿಗೆ ಬದು ಇರುವುದಿಲ್ಲ, ತಳ ನುಣುಪಾಗಿರುತ್ತದೆ. ದಾರದ ಗುರುತಾದರೆ ಎಳೆಗಳ ಹುರಿ ಸಹ ಕಾಣಬಹುದು. ಅಕ್ಷರದ ಮೇಲೆ ಹಾಯ್ದಿದ್ದಲ್ಲಿ, ಅಕ್ಷರ ಜಜ್ಜಿಹೋದಂತೆ ಕಾಣದೆ, ಅಲ್ಲಿ ಮೊದಲೇ ಮೂಡದಂತೆ ಕಾಣುತ್ತದೆ.

ಅಕ್ಷರ ಅಥವಾ ಅಂಕಿ ಮಾಯವಾದ ನಾಣ್ಯಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಅಚ್ಚಿನ ಕುಳಿಯಲ್ಲಿ ಎಣ್ಣೆಜಿಡ್ಡು ತುಂಬಿದ್ದರೆ ಇಸವಿಯ ಒಂದು ಅಂಕಿ ಮಸುಕಾಗಬಹುದು, ಪೂರ್ತಿ ಮೂಡದೆಯೂ ಇರಬಹುದು. ಆಗ ಆ ಜಾಗದ ಮೇಲ್ಮೈ ಸುತ್ತಲಿನ ಮೇಲ್ಮೈಯಂತೆಯೇ ಇರುತ್ತದೆ, ನೆರೆಯ ಅಂಕಿಗಳು ಪೂರ್ಣ ಎತ್ತರದಲ್ಲಿರುತ್ತವೆ. ಅರದಿಂದ ಉಜ್ಜಿ ತೆಗೆದಿದ್ದರೆ ಸಮಾನಾಂತರವಾದ ಸಣ್ಣ ಗೆರೆಗಳೂ ಸ್ವಲ್ಪ ತಗ್ಗಿದ ನೆಲವೂ ಕಾಣುತ್ತವೆ. ಸಹಜವಾಗಿ ಸವೆದಿದ್ದರೆ ಚಿತ್ರದ ಎತ್ತರದ ಭಾಗಗಳೆಲ್ಲ ಒಟ್ಟಿಗೆ ಸವೆದಿರುತ್ತವೆ. ಒಂದೇ ಅಂಕಿಯನ್ನು ಆಯ್ದು ಸವೆಸುವ ಜೇಬು ಯಾವುದೂ ಇಲ್ಲ.

ಕಚ್ಚಿಹೋದ ಅಂಚು

ಮನೆಯಲ್ಲಿ ಲಟ್ಟಿಸಿದ ಹಿಟ್ಟಿನ ಮೇಲೆ ಲೋಟ ಕವುಚಿ ಪೂರಿ ಕತ್ತರಿಸುವಾಗ, ಲೋಟ ಹಿಂದೆ ಕತ್ತರಿಸಿದ ಜಾಗದ ಮೇಲೆ ಸ್ವಲ್ಪ ಬಿದ್ದರೆ ಪೂರಿಯ ಒಂದು ಬದಿ ಚಂದ್ರಾಕಾರವಾಗಿ ಕಡಿದುಹೋಗಿರುತ್ತದೆ. ಲೋಹದ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದಾಗ ಬಿಲ್ಲೆಗೂ ಹೀಗೆಯೇ ಆಗುತ್ತದೆ. ಪಟ್ಟಿಯ ಕೊನೆಯಲ್ಲಿ ಕತ್ತರಿಸಿದ್ದರೆ ಕಡಿತ ನೆಟ್ಟಗೆ ಅಥವಾ ಅಂಕುಡೊಂಕಾಗಿ ಇರುತ್ತದೆ. ಸಂಗ್ರಾಹಕರು ಇದನ್ನು ‘ಕ್ಲಿಪ್’ ಎನ್ನುತ್ತಾರೆ. ನಕಲು ಮಾಡಲು ಅತಿ ಸುಲಭವಾದ ದೋಷವೂ ಇದೇ, ಒಂದು ಅರವೋ ಲೇತ್ ಅಂಗಡಿಯ ಪರಿಚಯವೋ ಇದ್ದರೆ ಸಾಕು.

ಇಲ್ಲಿ ತೂಕ ಏನನ್ನೂ ನಿರ್ಧರಿಸದು, ಏಕೆಂದರೆ ನಿಜವಾದ ಕ್ಲಿಪ್‌ನಲ್ಲಿಯೂ ಅರದಿಂದ ಉಜ್ಜಿದ್ದರಲ್ಲಿಯೂ ತೂಕ ಕಡಿಮೆಯೇ ಇರುತ್ತದೆ. ನೋಡಬೇಕಾದುದು ಮೂರು ಜಾಗಗಳನ್ನು. ಮೊದಲನೆಯದು ಕಡಿತದ ಪಕ್ಕದ ಅಕ್ಷರಗಳು. ಬಿಲ್ಲೆ ಮೊದಲೇ ಕಡಿದಿದ್ದರೆ ಒತ್ತುವಾಗ ಲೋಹ ಆ ಖಾಲಿ ಜಾಗದತ್ತ ಹರಿಯುತ್ತದೆ. ಅಲ್ಲಿನ ಅಕ್ಷರಗಳು ಕಡಿತದತ್ತ ಸ್ವಲ್ಪ ಎಳೆದಂತೆ, ಮಸುಕಾಗಿ ಇರುತ್ತವೆ. ಆಮೇಲೆ ಕತ್ತರಿಸಿದ್ದರೆ ಅಕ್ಷರ ಪೂರ್ಣ ಎತ್ತರದಲ್ಲಿ ಬಂದು ಅಲ್ಲಿಯೇ ತಟ್ಟನೆ ತುಂಡಾಗಿರುತ್ತದೆ. ಎರಡನೆಯದು ಕಡಿತದ ಬದಿ. ನಿಜವಾದದ್ದರಲ್ಲಿ ಅದು ಒತ್ತಡಕ್ಕೆ ಸಿಕ್ಕು ಮೊಂಡಾಗಿ, ನಾಣ್ಯದ ಉಳಿದ ಮೈಯ ಬಣ್ಣವನ್ನೇ ಪಡೆದಿರುತ್ತದೆ. ಉಜ್ಜಿದ್ದರಲ್ಲಿ ಚೂಪಾದ ಏಣು, ಅರದ ಗೆರೆ, ಹೊಸ ಹೊಳಪು ಇರುತ್ತವೆ.

ಮೂರನೆಯ ಜಾಗ ಕಡಿತಕ್ಕೆ ಸರಿಯಾಗಿ ಎದುರಿನ ಅಂಚುಕಟ್ಟು, ಮತ್ತು ಹೆಚ್ಚು ನಂಬಬಹುದಾದ ಸಾಕ್ಷಿ ಸಿಗುವುದು ಅಲ್ಲಿಯೇ. ಬಿಲ್ಲೆಯ ಅಂಚನ್ನು ಉಬ್ಬಿಸುವ ಯಂತ್ರ ಎರಡು ಬದಿಗಳಿಂದ ಒಟ್ಟಿಗೆ ಒತ್ತುತ್ತದೆ. ಒಂದು ಬದಿಯಲ್ಲಿ ಕಡಿತವಿದ್ದರೆ ಒತ್ತಲು ಆಸರೆ ಸಿಗದೆ, ಎದುರು ಬದಿಯ ಅಂಚೂ ಸರಿಯಾಗಿ ಉಬ್ಬುವುದಿಲ್ಲ. ಆದ್ದರಿಂದ ನಿಜವಾದ ಕ್ಲಿಪ್ ನಾಣ್ಯದಲ್ಲಿ ಕಡಿತದ ಎದುರಿನ ಅಂಚುಕಟ್ಟು ಸಾಮಾನ್ಯವಾಗಿ ತೆಳುವಾಗಿ, ಕೆಲವೊಮ್ಮೆ ಇಲ್ಲವೇ ಇಲ್ಲವೆಂಬಂತೆ ಇರುತ್ತದೆ. ಸಂಗ್ರಾಹಕರು ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಎನ್ನುತ್ತಾರೆ. ಕಡಿತ ತೀರ ಚಿಕ್ಕದಾಗಿದ್ದರೆ ಇದು ಕಾಣದೆ ಹೋಗಬಹುದು. ಆಗ ಮೊದಲ ಎರಡು ಜಾಗಗಳೇ ಗತಿ. ದೊಡ್ಡ ಕಡಿತವಿದ್ದೂ ಎದುರಿನ ಅಂಚುಕಟ್ಟು ದಪ್ಪಗೆ ಪೂರ್ಣವಾಗಿದ್ದರೆ ನಾಣ್ಯವನ್ನು ಗಲ್ಲಾಪೆಟ್ಟಿಗೆಗೆ ಹಿಂತಿರುಗಿಸಬಹುದು.

ಜರುಗಿದ ಚಿತ್ರ, ಹರಡಿದ ನಾಣ್ಯ

ಬಿಲ್ಲೆ ಅಚ್ಚುಗಳ ನಡುವೆ ಸರಿಯಾಗಿ ಕೂರದಿದ್ದರೆ ಚಿತ್ರ ಒಂದು ಬದಿಗೆ ಜರುಗಿ, ಇನ್ನೊಂದು ಬದಿ ಬೋಳಾಗಿ ಉಳಿಯುತ್ತದೆ. ಎರಡು ಅಚ್ಚುಗಳೂ ಒಟ್ಟಿಗೆ ಒತ್ತುವುದರಿಂದ ನಾಣ್ಯದ ಎರಡೂ ಮುಖಗಳಲ್ಲಿ ಒಂದೇ ಭಾಗ ಬೋಳಾಗಿರಬೇಕು. ಮುಂಬದಿಯಲ್ಲಿ ಎಡಭಾಗ ಬೋಳಾಗಿದ್ದು ಹಿಂಬದಿಯಲ್ಲಿ ಅದೇ ಜಾಗದ ಅಕ್ಷರಗಳು ಸ್ಪಷ್ಟವಾಗಿದ್ದರೆ, ಯಾರೋ ಒಂದು ಮುಖವನ್ನು ಸುತ್ತಿಗೆಯಿಂದ ಬಡಿದಿರಬೇಕು ಅಥವಾ ಸಾಣೆ ಹಿಡಿದಿರಬೇಕು. ಬೋಳು ಭಾಗದಲ್ಲಿ ಅಕ್ಷರದ ನೆರಳೂ ಇರಬಾರದು, ಲೋಹ ತೆಳುವಾಗಿಯೂ ಇರಬಾರದು.

ಕಾಲರ್ ಇಲ್ಲದೆ ಒತ್ತಿದ ನಾಣ್ಯ ಎಲ್ಲ ಕಡೆಗೂ ಹರಡಿ, ಸಾಮಾನ್ಯ ಅಗಲಕ್ಕಿಂತ ದೊಡ್ಡದಾಗಿರುತ್ತದೆ; ಬದಿಯಲ್ಲಿ ಗೀರುಗಳಿರುವುದಿಲ್ಲ. ಇದಕ್ಕೂ ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯಕ್ಕೂ ವ್ಯತ್ಯಾಸ ತಿಳಿಯುವುದು ಸುಲಭ. ಮೊದಲನೆಯದರಲ್ಲಿ ನಡುವಿನ ಸಿಂಹಗಳು ಸಹಜ ಗಾತ್ರದಲ್ಲಿ ಸ್ಪಷ್ಟವಾಗಿರುತ್ತವೆ. ಎರಡನೆಯದರಲ್ಲಿ ಇಡೀ ಚಿತ್ರವೇ ಒಂದು ದಿಕ್ಕಿಗೆ ಎಳೆದಂತಾಗಿ, ಅಕ್ಷರಗಳು ಉದ್ದವಾಗಿ ಅಳಿಸಿಹೋಗಿರುತ್ತವೆ. ತೂಕ ಎರಡರಲ್ಲಿಯೂ ಸರಿಯಾಗಿಯೇ ಇರುತ್ತದೆ. ಹಳಿಯ ಮೇಲೆ ನಾಣ್ಯವಿಡುವುದು ಅಪಾಯಕಾರಿ ಮಾತ್ರವಲ್ಲ, ಕಾನೂನಿಗೂ ವಿರುದ್ಧ ಎಂಬುದನ್ನು ಮಕ್ಕಳಿಗೆ ಹೇಳಬೇಕು. ಜಾತ್ರೆಯಲ್ಲಿ ತೇರಿನತ್ತ ತೂರಿ ಕಾಲ್ತುಳಿತಕ್ಕೆ ಸಿಕ್ಕ ಚಿಲ್ಲರೆಯಲ್ಲಿ ಬಾಗು, ನೆಗ್ಗು, ಕಲ್ಲಿನ ಉಜ್ಜುಗೀರುಗಳೇ ಇರುತ್ತವೆ. ಅವನ್ನು ಪರೀಕ್ಷಿಸುವ ಶ್ರಮ ಬೇಡ.

ಕನ್ನಡಿಬಿಂಬದ ನಾಣ್ಯ

ಒಂದು ನಾಣ್ಯ ಅಚ್ಚಿಗೆ ಅಂಟಿಕೊಂಡು ಕೆಳಗೆ ಬೀಳದೆ ಉಳಿದರೆ, ಮುಂದಿನ ಬಿಲ್ಲೆಯ ಒಂದು ಮುಖಕ್ಕೆ ಅಚ್ಚಿನ ಬದಲು ಆ ನಾಣ್ಯವೇ ಒತ್ತುತ್ತದೆ. ಆಗ ಒಂದು ಮುಖದಲ್ಲಿ ಚಿತ್ರ ಎಂದಿನಂತೆ ಉಬ್ಬಿದ್ದು, ಇನ್ನೊಂದರಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ತಗ್ಗಿರುತ್ತದೆ. ‘ಬ್ರಾಕೇಜ್’ ಎನ್ನುವ ಈ ದೋಷಕ್ಕೆ ಬೇಡಿಕೆ ಹೆಚ್ಚು, ಆದ್ದರಿಂದ ನಕಲೂ ಹೆಚ್ಚು. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ವೈಸ್‌ನಲ್ಲಿ ಬಿಗಿದರೂ ಸುತ್ತಿಗೆಯಿಂದ ಹೊಡೆದರೂ ಕನ್ನಡಿಬಿಂಬ ಮೂಡುತ್ತದೆ.

ನಿಜವಾದದ್ದರಲ್ಲಿ ತಗ್ಗಿದ ಮುಖದ ಮೇಲೆ ಇರಬೇಕಾಗಿದ್ದ ಮೂಲ ಚಿತ್ರದ ಗುರುತು ಲವಲೇಶವೂ ಇರುವುದಿಲ್ಲ, ಏಕೆಂದರೆ ಆ ಮುಖಕ್ಕೆ ಅದರ ಅಚ್ಚು ತಾಗಿಯೇ ಇಲ್ಲ. ಬಿಗಿದು ಮಾಡಿದ್ದರಲ್ಲಿ ಮೂಲ ಚಿತ್ರವೂ ಕನ್ನಡಿಬಿಂಬವೂ ಒಂದರ ಮೇಲೊಂದು ಬಿದ್ದು ಕಲಸಿಹೋಗಿರುತ್ತವೆ, ಮೂಲ ಚಿತ್ರದ ಉಬ್ಬು ಜಜ್ಜಿರುತ್ತದೆ. ಈಗ ನಾಣ್ಯವನ್ನು ತಿರುಗಿಸಿ ನೋಡಬೇಕು. ನಿಜವಾದದ್ದರ ಹಿಂಬದಿ ಪೂರ್ಣ ಸ್ಪಷ್ಟವಾಗಿರುತ್ತದೆ. ಬಿಗಿದದ್ದರ ಹಿಂಬದಿಯಲ್ಲಿ ಎತ್ತರದ ಭಾಗಗಳು ಚಪ್ಪಟೆಯಾಗಿ ಹೊಳೆಯುತ್ತಿರುತ್ತವೆ, ಏಕೆಂದರೆ ಒತ್ತಡವನ್ನು ಆ ಬದಿಯೂ ತಾಳಿಕೊಳ್ಳಬೇಕಾಗಿತ್ತು. ಒಂದು ಮುಖದ ಪೆಟ್ಟನ್ನು ಅದರ ಹಿಂಬದಿ ನೋಡದೆ ತೀರ್ಮಾನಿಸಬಾರದೆಂಬ ನಿಯಮ ಎಲ್ಲ ದೋಷಗಳಿಗೂ ಅನ್ವಯಿಸುತ್ತದೆ.

ಎರಡೂ ಕಡೆ ಒಂದೇ ಮುಖವಿರುವ ನಾಣ್ಯ ಸಿಕ್ಕರೆ ಅಂಚುಕಟ್ಟಿನ ಒಳಬದಿಯನ್ನು ಸುತ್ತಲೂ ಭೂತಗನ್ನಡಿಯಲ್ಲಿ ನೋಡಿರಿ. ಒಂದು ನಾಣ್ಯವನ್ನು ಕೊರೆದು, ತೆಳುಗೊಳಿಸಿದ ಇನ್ನೊಂದನ್ನು ಅದರೊಳಗೆ ಕೂರಿಸಿದ ಜಾದೂಗಾರರ ನಾಣ್ಯದಲ್ಲಿ ಕೂದಲೆಳೆಯಷ್ಟು ಸಂದು ಅಲ್ಲಿ ಕಾಣುತ್ತದೆ. ಮೇಜಿನ ಮೇಲೆ ಬೀಳಿಸಿದರೆ ಅದರ ಸದ್ದೂ ಮೊಂಡು.

ಎರಡು ಲೋಹದ ನಾಣ್ಯಗಳು

ಹತ್ತು ಮತ್ತು ಇಪ್ಪತ್ತು ರೂಪಾಯಿಯ ನಾಣ್ಯಗಳಲ್ಲಿ ಹೊರ ಉಂಗುರವೂ ನಡುಬಿಲ್ಲೆಯೂ ಬೇರೆ ಬೇರೆಯಾಗಿ ಬಂದು, ಅಚ್ಚು ಒತ್ತುವ ಹೊತ್ತಿಗೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಈ ಒಂದು ಸಂಗತಿ ನೆನಪಿದ್ದರೆ ಸಾಕು. ಟಂಕಸಾಲೆಯಲ್ಲಿಯೇ ನಡುಬಿಲ್ಲೆ ಜರುಗಿ ಕೂತಿದ್ದರೆ ಅದರ ಮೇಲೆ ಬಿದ್ದ ಚಿತ್ರ ಜರುಗಿರುವುದಿಲ್ಲ. ಲೋಹಗಳ ಗಡಿ ಸೊಟ್ಟಗಿದ್ದರೂ ಅಕ್ಷರ, ಗೆರೆಗಳು ಆ ಗಡಿಯನ್ನು ದಾಟಿ ಮುರಿಯದೆ ಮುಂದುವರಿದಿರುತ್ತವೆ. ನಡುಬಿಲ್ಲೆಯನ್ನು ಹೊಡೆದು ಕಳಚಿ, ಮಗುಚಿ ಅಥವಾ ತಿರುಗಿಸಿ ಮತ್ತೆ ಕೂರಿಸಿದ್ದರೆ ಚಿತ್ರವೂ ಅದರೊಂದಿಗೆ ತಿರುಗಿರುತ್ತದೆ, ಗಡಿಯಲ್ಲಿ ಸಂದು ಬಿಟ್ಟಿರುತ್ತದೆ, ಸುತ್ತ ಉಪಕರಣದ ಗಾಯಗಳಿರುತ್ತವೆ.

ನಡುಬಿಲ್ಲೆಯೇ ಇಲ್ಲದ ಉಂಗುರ ಮಾತ್ರ ಸಿಕ್ಕಾಗ ರಂಧ್ರದ ಒಳಗೋಡೆಯನ್ನು ನೋಡಬೇಕು. ಬಿಲ್ಲೆ ಇದ್ದು ಆಮೇಲೆ ಕಳಚಿದ್ದರೆ, ಎರಡು ಲೋಹಗಳು ಕಚ್ಚಿಕೊಂಡಿದ್ದ ಗುರುತು ಆ ಗೋಡೆಯ ಮೇಲೆ ಉಳಿದಿರುತ್ತದೆ, ರಂಧ್ರವೂ ಅಚ್ಚುಕಟ್ಟಾದ ದುಂಡಾಗಿರುತ್ತದೆ. ಬಿಲ್ಲೆಯಿಲ್ಲದೆಯೇ ಒತ್ತಿದ್ದರೆ ತಡೆಯಿಲ್ಲದ ಲೋಹ ಒಳಕ್ಕೆ ಹರಿದು, ರಂಧ್ರದ ಅಂಚು ಇಳಿಜಾರಾಗಿ ಮೃದುವಾಗಿರುತ್ತದೆ. ಚಿಲ್ಲರೆಯಲ್ಲಿ ಸಿಗುವ ಉಂಗುರಗಳು ಸಾಮಾನ್ಯವಾಗಿ ಮೊದಲ ಬಗೆಯವು.

ತಿರುಗಿದ ಚಿತ್ರ, ಇಮ್ಮಡಿ ಅಕ್ಷರ

ಸ್ವತಂತ್ರ ಭಾರತದ ನಾಣ್ಯವನ್ನು ಮೇಲ್ತುದಿ ಮತ್ತು ಕೆಳತುದಿಗಳಲ್ಲಿ ಎರಡು ಬೆರಳುಗಳ ನಡುವೆ ಹಿಡಿದು ಎಡದಿಂದ ಬಲಕ್ಕೆ ತಿರುಗಿಸಿದರೆ ಹಿಂಬದಿಯ ಚಿತ್ರವೂ ನೆಟ್ಟಗೆ ನಿಲ್ಲಬೇಕು. ಗಮನಾರ್ಹವಾಗಿ ವಾಲಿದ್ದರೆ, ಇಲ್ಲವೆ ತಲೆಕೆಳಗಾಗಿದ್ದರೆ, ಒಂದು ಅಚ್ಚು ತಿರುಗಿಹೋಗಿತ್ತೆಂದು ಅರ್ಥ. ಈ ದೋಷವನ್ನು ಬೀದಿಯ ಪೆಟ್ಟು ಉಂಟುಮಾಡಲಾರದು, ಹೀಗಾಗಿ ಹೊಸಬರು ಇದರಿಂದಲೇ ಹುಡುಕಾಟ ಆರಂಭಿಸುವುದು ಲೇಸು. ಅಲ್ಪಸ್ವಲ್ಪ ವಾಲಿರುವುದನ್ನು ಸಂಗ್ರಾಹಕರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಕ್ಷರಗಳು ಇಮ್ಮಡಿಯಾಗಿ ಕಾಣುವ ನಾಣ್ಯಗಳ ವಿಷಯದಲ್ಲಿ ಉತ್ಸಾಹ ಬೇಡ. ಅಚ್ಚನ್ನು ತಯಾರಿಸುವಾಗಲೇ ಚಿತ್ರ ಎರಡು ಸಲ ಬಿದ್ದಿದ್ದರೆ ಎರಡು ಅಕ್ಷರಗಳೂ ದುಂಡಗೆ ಉಬ್ಬಿ, ಮೂಲೆಗಳಲ್ಲಿ ಕವಲು ಒಡೆದಿರುತ್ತವೆ. ಸಡಿಲವಾದ ಅಚ್ಚು ಒತ್ತಿದ ಕೂಡಲೇ ಅಲುಗಿದ್ದರೆ ಅಕ್ಷರದ ಪಕ್ಕದಲ್ಲಿ ಚಪ್ಪಟೆಯಾದ, ತಗ್ಗಿದ ಮೆಟ್ಟಿಲೊಂದು ಮೂಡಿ, ಅಕ್ಷರ ಮೊದಲಿಗಿಂತ ತೆಳುವಾಗಿರುತ್ತದೆ. ಎರಡೂ ಟಂಕಸಾಲೆಯಲ್ಲಿಯೇ ಆದವು, ಆದರೆ ಎರಡನೆಯದು ಧಾರಾಳವಾಗಿ ಸಿಗುವುದರಿಂದ ಅದಕ್ಕೆ ಬೆಲೆಯಿಲ್ಲ.

ಚಿತ್ರದುರ್ಗದ ಹಳೆಯ ನಾಣ್ಯಗಳಿಗೆ ಈ ಅಳತೆಗೋಲು ಸಲ್ಲದು

ಇಲ್ಲಿಯವರೆಗೆ ಹೇಳಿದ್ದೆಲ್ಲ ಯಂತ್ರದಲ್ಲಿ ಒತ್ತಿದ ನಾಣ್ಯಗಳಿಗೆ ಮಾತ್ರ. ಕೋಟೆಯ ಬೆಟ್ಟದ ಬುಡದಲ್ಲಿರುವ ಚಂದ್ರವಳ್ಳಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನದಿಂದ ಪ್ರಸಿದ್ಧವಾದ ನೆಲೆ; ಅಲ್ಲಿ ಸಾತವಾಹನ ಕಾಲದ ಸೀಸದ ನಾಣ್ಯಗಳೂ ರೋಮಿನ ಬೆಳ್ಳಿ ನಾಣ್ಯಗಳೂ ದೊರೆತಿವೆ. ಟಿಪ್ಪುವಿನ ಕಾಲದಲ್ಲಿ ಚಿತ್ರದುರ್ಗದಲ್ಲಿಯೇ ಒಂದು ಟಂಕಸಾಲೆಯಿತ್ತು. ಆನೆಯ ಚಿತ್ರವುಳ್ಳ ಅಲ್ಲಿನ ತಾಮ್ರದ ನಾಣ್ಯಗಳ ಮೇಲೆ ಊರಿನ ಹೆಸರು ‘ಫರ್ರುಖ್‌ಯಾಬ್ ಹಿಸಾರ್’ ಎಂದಿರುತ್ತದೆ. ಇವೆಲ್ಲ ಕೈಯಿಂದ, ಸುತ್ತಿಗೆಯ ಪೆಟ್ಟಿನಿಂದ ಅಚ್ಚಾದವು. ಚಿತ್ರ ಒಂದು ಬದಿಗೆ ಜರುಗಿರುವುದು, ಅರ್ಧ ಅಕ್ಷರ ಬಿಲ್ಲೆಯಿಂದ ಹೊರಗುಳಿಯುವುದು, ಅಂಚು ಸೀಳಿರುವುದು ಅಲ್ಲಿ ದೋಷವಲ್ಲ, ಆ ವಿಧಾನದ ಸಹಜ ಫಲ. ಮೇಲೆ ಕಾಣುವ ಸಣ್ಣ ಚುಚ್ಚುಗುರುತುಗಳಲ್ಲಿ ಕೆಲವು ಅಂದಿನ ಶರಾಫರು, ಅಂದರೆ ನಾಣ್ಯ ವಿನಿಮಯ ಮಾಡುತ್ತಿದ್ದವರು, ಲೋಹವನ್ನು ಪರೀಕ್ಷಿಸಿ ಹಾಕಿದವು. ಅವು ಅಚ್ಚಾದ ಮೇಲೆ ಬಿದ್ದ ಗುರುತುಗಳೇ ಆದರೂ ನಾಣ್ಯದ ಚರಿತ್ರೆಯ ಭಾಗವಾದ್ದರಿಂದ ಅವನ್ನು ಹಾನಿಯೆಂದು ತಳ್ಳಿಹಾಕುವುದಿಲ್ಲ.

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗಳ ಕಥೆ ಬೇರೆ. ಅವು ಯಂತ್ರದ ನಾಣ್ಯಗಳು, ಪೂರ್ಣ ತೂಕ 11.66 ಗ್ರಾಂ. ಅಜ್ಜಿಯರ ಕಾಸಿನ ಸರದಿಂದ ಬಿಡಿಸಿದವುಗಳಲ್ಲಿ ರಾಜನ ಅಥವಾ ರಾಣಿಯ ತಲೆಯ ನೇರಕ್ಕೆ ಮೇಲಂಚಿನಲ್ಲಿ ಕುಣಿಕೆಯ ಬೆಸುಗೆಯನ್ನು ಉಜ್ಜಿ ತೆಗೆದ ಜಾಗವಿರುತ್ತದೆ. ಅಲ್ಲಿ ಬದಿಯ ಗೀರುಗಳು ಅಳಿಸಿದ್ದು ಬೆಳ್ಳಿಯ ಬಣ್ಣ ತುಸು ಬೇರೆಯಾಗಿರುತ್ತದೆ. ಇದನ್ನು ಅಂಚಿನ ದೋಷವೆಂದು ಮಾರುವವರಿದ್ದಾರೆ.

ತೀರ್ಮಾನದ ನಂತರ

ಟಂಕಸಾಲೆಯ ತಪ್ಪೆಂದು ಮನಸ್ಸಿಗೆ ಖಚಿತವಾದ ನಾಣ್ಯದ ಎರಡೂ ಮುಖಗಳ, ಬದಿಯ ಮತ್ತು ಜೊತೆಗಿಟ್ಟ ಸರಿಯಾದ ನಾಣ್ಯದ ಚಿತ್ರಗಳನ್ನು ಓರೆಬೆಳಕಿನಲ್ಲಿ ತೆಗೆದು, ತೂಕ ಮತ್ತು ಅಗಲವನ್ನು ಬರೆದಿಡಬೇಕು. ಅನುಭವವುಳ್ಳ ಸಂಗ್ರಾಹಕರಿಗೆ ತೋರಿಸುವಾಗ ದೋಷದ ಹೆಸರಿಗಿಂತ ಅದು ಹುಟ್ಟಿದ ಹಂತವನ್ನು ವಿವರಿಸಿದರೆ ಮಾತು ಬೇಗ ಇತ್ಯರ್ಥವಾಗುತ್ತದೆ. ಯೂಟ್ಯೂಬಿನಲ್ಲಿ ಲಕ್ಷಗಳ ಬೆಲೆ ಕೂಗುವವರನ್ನು ನಂಬಿ ಮುಂಗಡ ಶುಲ್ಕ ಕಟ್ಟಬಾರದು. ತನ್ನ ಹೆಸರನ್ನು ಬಳಸಿಕೊಂಡು ಹಳೆಯ ನಾಣ್ಯ, ನೋಟುಗಳ ಮಾರಾಟಕ್ಕೆ ಕಮಿಷನ್, ತೆರಿಗೆ ಕೇಳುವ ವಂಚಕರಿದ್ದಾರೆ, ಅಂತಹ ಯಾವ ವ್ಯವಹಾರವನ್ನೂ ತಾನು ನಡೆಸುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ.

ನಕಲಿ ಹೇಗಿರುತ್ತದೆಂದು ತಿಳಿಯುವ ಕುತೂಹಲದಿಂದ ಚಲಾವಣೆಯ ನಾಣ್ಯವನ್ನು ಕತ್ತರಿಸುವುದು, ಕರಗಿಸುವುದು ಬೇಡ; 2011ರ ನಾಣ್ಯ ಕಾಯ್ದೆಯಂತೆ ನಾಣ್ಯವನ್ನು ಕರಗಿಸುವುದೂ ನಾಶಪಡಿಸುವುದೂ ಅಪರಾಧ. ಅದರ ಅಗತ್ಯವೂ ಇಲ್ಲ, ಏಕೆಂದರೆ ಪೆಟ್ಟು ತಿಂದ ನಾಣ್ಯಗಳು ಚಿಲ್ಲರೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಗೀರು, ಅರದ ಗುರುತು, ವೈಸ್‌ನ ಬಿಗಿತ, ಬೆಂಕಿಯ ಬಣ್ಣ ಇವುಗಳ ಒಂದೊಂದು ಮಾದರಿಯನ್ನು ಹೆಸರು ಬರೆದ ಕಾಗದದ ಪೊಟ್ಟಣಗಳಲ್ಲಿ ಬೇರೆಯಾಗಿ ಇಟ್ಟುಕೊಂಡು, ಹೊಸದಾಗಿ ಸಿಕ್ಕ ನಾಣ್ಯವನ್ನು ಮೊದಲು ಅವುಗಳ ಜೊತೆ ಹೋಲಿಸಿ ನೋಡಿದ ಮೇಲೆಯೇ ತಕ್ಕಡಿಯನ್ನು ಕೈಗೆತ್ತಿಕೊಳ್ಳಬಹುದು.